ರಿಂಗಿನ ಹೊರಗಿನ ಮಲ್ಲರು



ಇವತ್ತಿನ ಮಾತು ಕುಸ್ತಿಯ ಬಗ್ಗೆ. ಜಾತ್ರೆಯ ಮರುದಿನ ಕೆಮ್ಮಣ್ಣಿನ ಅಖಾಡದಲ್ಲಿ ನಡೆಯುವ ನಮ್ಮ ಕುಸ್ತಿಯಲ್ಲ, ಟಿ.ವಿ.ಯಲ್ಲಿ ಬರುವ ಅಮೆರಿಕದ ಕುಸ್ತಿ. ಡಬ್ಲ್ಯು.ಡಬ್ಲ್ಯು.ಎಫ್. ಎಂದರೆ ನಿಮ್ಮ ಮನೆಯಲ್ಲೂ ಯಾರಾದರೊಬ್ಬರ ಕಿವಿ ನಿಮಿರೀತು. ತೊಂಬತ್ತರ ದಶಕದಲ್ಲಿ ಆ ಪೈಲ್ವಾನರ ಎತ್ತರ, ತೂಕ ಅಚ್ಚಾದ ಕಾರ್ಡುಗಳನ್ನು ಶಾಲೆಯ ಜಗಲಿಯ ಮೇಲೆ ಆಡಿದ ಹುಡುಗರು ಈಗ ಮಕ್ಕಳ ತಂದೆಯರು. ಆ ಕಂಪನಿ 2002ರಲ್ಲಿ ಹೆಸರು ಬದಲಿಸಿಕೊಂಡು ಡಬ್ಲ್ಯು.ಡಬ್ಲ್ಯು.ಇ. ಆಯಿತು. ಆಟ ಮಾತ್ರ ಅದೇ.

"ಅದೆಲ್ಲ ಸುಳ್ಳು ಕುಸ್ತಿ, ಅದರ ಮಾತೇಕೆ?" ಎಂದು ಹಿರಿಯರು ಕೇಳಬಹುದು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಕಡೆಯವರಿಗೆ ಇದಕ್ಕೊಂದು ಹೆಸರೇ ಗೊತ್ತು: ನೂರಾ ಕುಸ್ತಿ. ಇಬ್ಬರೂ ಮೊದಲೇ ಮಾತಾಡಿಕೊಂಡು ಆಡುವ ಕುಸ್ತಿ. ನಮ್ಮ ಮೈದಾನದಲ್ಲಿ ಹಾಗೆ ಆಡಿದರೆ ಸುತ್ತ ಕೂತ ಜನ ಸುಮ್ಮನೆ ಬಿಟ್ಟಾರೆಯೇ? ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ನೂರಾ ಕುಸ್ತಿಯೇ ಆಟ, ಅದಕ್ಕೇ ಟಿಕೆಟ್ಟು. 1989ರಲ್ಲಿ ಈ ಕಂಪನಿಯವರೇ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ ಒಪ್ಪಿಕೊಂಡರು: ನಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು. ಪ್ರಾಮಾಣಿಕತೆ ಉಕ್ಕಿ ಬಂದು ಹೇಳಿದ್ದಲ್ಲ. ಕ್ರೀಡೆ ಎನಿಸಿಕೊಂಡರೆ ಸರಕಾರದ ಕ್ರೀಡಾ ಮಂಡಳಿಯ ಕಟ್ಟುಪಾಡು, ತೆರಿಗೆ ಎಲ್ಲ ಮೈಮೇಲೆ ಬರುತ್ತಿತ್ತು.

ಹಾಗಾದರೆ ಯಾರು ಗೆಲ್ಲಬೇಕು, ಯಾರು ಸೋಲಬೇಕು, ಯಾರು ಯಾರಿಗೆ ದ್ರೋಹ ಬಗೆಯಬೇಕು ಎಲ್ಲವೂ ಮೊದಲೇ ಬರೆದದ್ದು. ಬರೆಯುವವನಿಗೆ ಅವರ ಭಾಷೆಯಲ್ಲಿ ಬುಕರ್ ಎನ್ನುತ್ತಾರೆ. ಜನ ಮೆಚ್ಚಬೇಕಾದ ಪಾತ್ರಕ್ಕೆ ಫೇಸ್, ಜನ ಹಗೆ ಸಾಧಿಸಬೇಕಾದ ಪಾತ್ರಕ್ಕೆ ಹೀಲ್. ನಾವು ನಾಯಕ, ಖಳ ಎಂದುಕೊಂಡರೆ ಸಾಕು. ಎಲ್ಲವನ್ನೂ ಬರೆದಿಟ್ಟರೂ ಬುಕರ್ ಬರೆಯಲಾಗದ ಪಾತ್ರ ಒಂದಿದೆ. ಅದು ದುಡ್ಡು ಕೊಟ್ಟು ಒಳಗೆ ಬಂದು ಕೂತ ಜನ.

ಕಾಸರಗೋಡಿನ ಕೇಳುಗರಿಗೆ ಇದು ಬೇಗ ಅರ್ಥವಾದೀತು. ಯಕ್ಷಗಾನದಲ್ಲಿ ಮಹಿಷಾಸುರ ಸಾಯುತ್ತಾನೆಂಬುದು ಎಲ್ಲರಿಗೂ ಗೊತ್ತು. ಆದರೂ ಅವನು ಸಭೆಯ ನಡುವಿನಿಂದ ಅಬ್ಬರಿಸುತ್ತ ಬರುವಾಗ ಜನ ಎದ್ದು ನಿಲ್ಲುತ್ತಾರೆ. ಕಂಪನಿ ನಾಟಕಗಳ ಕಾಲದಲ್ಲಂತೂ 'ಒನ್ಸ್ ಮೋರ್' ಕೂಗು ಬಿದ್ದರೆ ನಟ ಹಾಡನ್ನು ಮತ್ತೆ ಹೇಳಲೇಬೇಕಿತ್ತು. ಆದರೆ ನಮ್ಮಲ್ಲಿ ಎಷ್ಟು ಕೂಗಿದರೂ ಮಹಿಷಾಸುರ ಗೆಲ್ಲುವುದಿಲ್ಲ. ಅಲ್ಲಿ ಕೆಲವೊಮ್ಮೆ ಗೆದ್ದುಬಿಡುತ್ತಾನೆ. ಹೇಗೆ ಎಂಬುದೇ ಇವತ್ತಿನ ವಿಷಯ.

ಕೂಗುವವರು ಯಾರು ಎಂದು ಮೊದಲು ನೋಡೋಣ. ಮನೆಮಂದಿಯ ಜೊತೆ ವರ್ಷಕ್ಕೊಮ್ಮೆ ಬಂದು, ಐಸ್‌ಕ್ರೀಮು ತಿಂದು, ನಾಯಕನಿಗೆ ಚಪ್ಪಾಳೆ ತಟ್ಟಿ ಹೋಗುವವರೇ ಹೆಚ್ಚು. ಅವರ ನಡುವೆ ಇನ್ನೊಂದು ಜಾತಿಯ ಪ್ರೇಕ್ಷಕರಿದ್ದಾರೆ. ತೆರೆಯ ಹಿಂದೆ ಏನು ನಡೆಯುತ್ತದೆಂದು ಅವರಿಗೆ ಗೊತ್ತು. ಎಂಬತ್ತರ ದಶಕದಿಂದಲೂ ಡೇವ್ ಮೆಲ್ಟ್ಜರ್ ಎಂಬ ಪತ್ರಕರ್ತ ಹೊರಡಿಸಿದ ಸುದ್ದಿಪತ್ರವನ್ನು ಅಂಚೆಯಲ್ಲಿ ತರಿಸಿ ಓದಿದವರು ಈ ಪಂಗಡದ ಹಿರಿಯರು. ಯಾವ ಪೈಲ್ವಾನನಿಗೆ ನಿಜವಾಗಿ ಕಸುಬು ಬರುತ್ತದೆ, ಯಾರನ್ನು ಬರೀ ಮೈಕಟ್ಟು ನೋಡಿ ಮೇಲೆ ಕೂರಿಸಿದ್ದಾರೆ ಎಂದು ಇವರು ತೂಗಿ ನೋಡುತ್ತಾರೆ. ತಲೆ ಎಣಿಸಿದರೆ ಕಡಿಮೆ, ಗಂಟಲು ಮಾತ್ರ ದೊಡ್ಡದು. ಕಥೆ ಬಗ್ಗಿದ್ದು ಬಹಳ ಸಲ ಇವರಿಂದ ಶುರುವಾಗಿ.

ಇನ್ನು ಆ ಕೂಗು ಕಥೆಯೊಳಗೆ ಇಳಿಯುವ ದಾರಿ. ಪಂದ್ಯದ ಕೊನೆ ಗೊತ್ತಿದ್ದರೂ ನಡುವಿನ ಹೊಡೆತ, ಬೀಳುವಿಕೆಯನ್ನು ಅನುಭವಿಗಳು ಅಲ್ಲೇ, ಜನರ ಸದ್ದು ಕೇಳುತ್ತ ಹೆಣೆಯುತ್ತಾರೆ. ಪರದೆಯ ಹಿಂದೆ ಒಂದು ಮೇಜು, ಟಿ.ವಿ. ಪರದೆಗಳು, ಕಿವಿಗೆ ಯಂತ್ರ ಹಾಕಿಕೊಂಡ ಯಜಮಾನ. ರೆಫರಿಯ ಕಿವಿಯಲ್ಲೂ ಒಂದು ಪುಟ್ಟ ಯಂತ್ರ. "ಇನ್ನೆರಡು ನಿಮಿಷದಲ್ಲಿ ಮುಗಿಸಿ" ಎಂಬಂಥ ಅಪ್ಪಣೆ ಅದರ ಮೂಲಕ ರಿಂಗಿನೊಳಗೆ ಹೋಗುತ್ತದೆ. ವಾರವಾರವೂ ಕಾರ್ಯಕ್ರಮ ಇರುವುದರಿಂದ ಈ ಸೋಮವಾರ ಜನ ತೋರಿದ ಮುಖ ಮುಂದಿನ ಸೋಮವಾರದ ಕಥೆಯನ್ನು ತಿದ್ದಬಹುದು. ಸಿನಿಮಾಕ್ಕೆ ಈ ಸೌಲಭ್ಯ ಇಲ್ಲ.

ಒಂದು ವಿಚಿತ್ರವೆಂದರೆ, ಕೂಗಿನ ಅರ್ಥಕ್ಕಿಂತ ಅದರ ಜೋರು ಮುಖ್ಯ. ಜನ ಬೈದರೆ ಯಜಮಾನನಿಗೆ ಬೇಸರವಿಲ್ಲ, ಬೈಗುಳವೂ ಟಿಕೆಟ್ಟು ಮಾರುತ್ತದೆ. ಅವನಿಗೆ ಹೆದರಿಕೆ ಹುಟ್ಟಿಸುವುದು ಎರಡೇ: ಸಭೆಯ ಮೌನ ಮತ್ತು ತಪ್ಪು ಜಾಗದಲ್ಲಿ ಬಿದ್ದ ಕೂಗು.

ತಪ್ಪು ಜಾಗದ ಕೂಗಿಗೆ ಒಳ್ಳೆಯ ಉದಾಹರಣೆ ರಾಕಿ ಮಾಯ್ವಿಯಾ. 1996ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಈ ಹುಡುಗನನ್ನು ದೊಡ್ಡ ವೇದಿಕೆಗೆ ತಂದರು. ತಂದೆ ರಾಕಿ ಜಾನ್ಸನ್, ತಾಯಿಯ ತಂದೆ ಪೀಟರ್ ಮಾಯ್ವಿಯಾ, ಇಬ್ಬರೂ ಹೆಸರಾಂತ ಪೈಲ್ವಾನರು. ಹುಡುಗ ನಗುನಗುತ್ತ ಬಂದ, ಬಂದವನೇ ಗೆದ್ದ, ಮೂರೇ ತಿಂಗಳಲ್ಲಿ ಪಟ್ಟವನ್ನೂ ಕಟ್ಟಿಸಿಕೊಂಡ. ಜನಕ್ಕೆ ಇದು ಹಿಡಿಸಲಿಲ್ಲ. ದುಡಿಯದೆ ಬಂದ ಮರ್ಯಾದೆಯನ್ನು ಆ ಪ್ರೇಕ್ಷಕ ಸಹಿಸುವುದಿಲ್ಲ. "ಸಾಯಿ ರಾಕಿ, ಸಾಯಿ" ಎಂದು ಸಭೆಗೆ ಸಭೆಯೇ ರಾಗವಾಗಿ ಕೂಗತೊಡಗಿತು. ಇಪ್ಪತ್ತನಾಲ್ಕು ವರ್ಷದ ಹುಡುಗ ಅದನ್ನು ಕೇಳಿಯೂ ಹಲ್ಲು ಕಿರಿದು ನಗಬೇಕಿತ್ತು, ಪಾತ್ರ ಹಾಗೇ ಇತ್ತು. 1997ರ ಆಗಸ್ಟಿನಲ್ಲಿ ಕಂಪನಿ ಸೋಲೊಪ್ಪಿತು. ಆತ ಖಳನಾಗಿ ಮರಳಿದ, ಮೈಕು ಹಿಡಿದು ತನ್ನನ್ನು ಸಾಯೆಂದ ಜನರ ಲೆಕ್ಕವನ್ನು ಅವರ ಮುಖದ ಮೇಲೆಯೇ ಒಪ್ಪಿಸಿದ. ಆ ಮಾತಿನ ಓಟ, ಹುಬ್ಬಿನ ಏರಿಕೆ ನೋಡಿ ಬೈದವರೇ ಮರುಳಾದರು. ನೀವು ಬಲ್ಲ 'ದಿ ರಾಕ್', ಮುಂದೆ ಹಾಲಿವುಡ್ಡಿಗೆ ಹೋದ ಡ್ವೇನ್ ಜಾನ್ಸನ್, ಆ ಹುಡುಗನೇ. ಬರೆದವರು ಅವನನ್ನು ಬೇರೆಯೇ ಮಾಡಹೊರಟಿದ್ದರು.

ಅದೇ ವರ್ಷದ ಮಾರ್ಚ್ 23ರಂದು ಶಿಕಾಗೋ ಬಳಿ ಇನ್ನೊಂದು ಪಲ್ಲಟ. ಕೆನಡಾದ ಬ್ರೆಟ್ ಹಾರ್ಟ್ ನಾಯಕ, ಬಾಯಿಬಡುಕ ಸ್ಟೀವ್ ಆಸ್ಟಿನ್ ಖಳ. ಆದರೆ ಜನ ತಿಂಗಳುಗಳಿಂದ ಆಸ್ಟಿನ್‌ನ ಹೆಸರಿನ ರಟ್ಟಿನ ಫಲಕಗಳನ್ನು ತರುತ್ತಿದ್ದರು. ಇಲ್ಲಿ ಬರೆಯುವವರು ಜಾಣರಾದರು: ಜನ ಈಗಾಗಲೇ ತಿರುಗಿದ ಕಡೆಗೆ ಕಥೆಯನ್ನು ತಿರುಗಿಸಿದರು. ಬ್ರೆಟ್‌ನ ಹಿಡಿತದಲ್ಲಿ ಮುಖವೆಲ್ಲ ರಕ್ತವಾದರೂ ಆಸ್ಟಿನ್ ಸೋತೆ ಎನ್ನಲಿಲ್ಲ, ಮೂರ್ಛೆ ಹೋದ. ಗೆದ್ದವನಿಗೆ ಛೀಮಾರಿ, ಸೋತವನಿಗೆ ಜಯಕಾರ. ಆದರೆ ಗಡಿಯ ಆಚೆ, ಬ್ರೆಟ್‌ನ ಹುಟ್ಟೂರಾದ ಕ್ಯಾಲ್ಗರಿಯಲ್ಲಿ, ಅದೇ ಜುಲೈನಲ್ಲಿ ಆತ ದೇವರು, ಆಸ್ಟಿನ್ ರಾಕ್ಷಸ. ಗಡಿಯಲ್ಲಿ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಗಟ್ಟಿಗಂಟಲಿನ ಪ್ರೇಕ್ಷಕರ ತವರುಮನೆ ಎಂದರೆ ದಕ್ಷಿಣ ಫಿಲಡೆಲ್ಫಿಯಾ. ಬಿಂಗೊ ಎಂಬ ಅಂಕಿಯಾಟ ಆಡುತ್ತಿದ್ದ ಹಳೆಯ ಹಾಲೊಂದರಲ್ಲಿ ಇ.ಸಿ.ಡಬ್ಲ್ಯು. ಎಂಬ ಪುಟ್ಟ ಕಂಪನಿ ಆಟ ಹೂಡುತ್ತಿತ್ತು. ಅದರ ಸೂತ್ರಧಾರ ಪಾಲ್ ಹೇಮನ್. ಜನ ಕಿಕ್ಕಿರಿದರೂ ಸಾವಿರದ ಲೆಕ್ಕ. ಆ ಜನ ನೋಡಲು ಬರುತ್ತಿರಲಿಲ್ಲ, ಆಟದಲ್ಲಿ ಸೇರಲು ಬರುತ್ತಿದ್ದರು. ಮನೆಯಿಂದ ಬಾಣಲೆ, ತಗಡು ತಂದು "ಇದರಿಂದ ಹೊಡಿ" ಎಂದು ಪೈಲ್ವಾನರ ಕೈಗೆ ಕೊಡುತ್ತಿದ್ದರು. ಪಟ್ಟು ತಪ್ಪಿದರೆ ಎಲ್ಲರೂ ಒಕ್ಕೊರಲಿನಿಂದ ಅಪಹಾಸ್ಯ. ಮೇಲಿಂದ ಬಿದ್ದು ರಕ್ತ ಬಂದರೆ ಕಂಪನಿಯ ಹೆಸರಿನ ಜಯಘೋಷ. 2001ರಲ್ಲಿ ಆ ಕಂಪನಿ ದಿವಾಳಿಯೆದ್ದಿತು, ಆದರೆ ಆ ಬಗೆಯ ಕೂಗು ದೊಡ್ಡ ಕಂಪನಿಯ ಸಭೆಗಳಿಗೂ ಹರಡಿತು.

ಇಲ್ಲಿ ಒಂದು ನೋವಿನ ಮಾತಿದೆ. ಫಲಿತಾಂಶ ಸುಳ್ಳಾದರೂ ಬೀಳುವ ಮೈ ಸುಳ್ಳಲ್ಲ. ಅಲ್ಲಿ ಮಿಕ್ ಫೋಲಿ ಎಂಬಾತ, ಕ್ಯಾಕ್ಟಸ್ ಜ್ಯಾಕ್ ಎಂಬ ಹೆಸರಿನಲ್ಲಿ, ಮುಳ್ಳುತಂತಿ, ಸಿಮೆಂಟು ನೆಲ ಯಾವುದಕ್ಕೂ ಹಿಂದೆಗೆಯದೆ ಬೀಳುತ್ತಿದ್ದ. 1995ರಲ್ಲಿ ಸಭೆಯಲ್ಲಿ ಒಬ್ಬ ಹಿಡಿದ ಫಲಕ ಅವನ ಕಣ್ಣಿಗೆ ಬಿತ್ತು: ನಿನ್ನ ಮಗನಿಗೂ ಬೆತ್ತದಿಂದ ಬಾರಿಸು ಎಂಬ ಅರ್ಥದ ಬರಹ. ಮಗುವಿಗೆ ಆಗ ಮೂರು ವರ್ಷ. ಫೋಲಿ ಆ ಫಲಕದ ಮೇಲೆಯೇ ಒಂದು ಮಾತು ಕಟ್ಟಿ ಕ್ಯಾಮೆರಾದ ಮುಂದೆ ಆಡಿದ. ನಿಮಗಾಗಿ ಇನ್ನು ಮೈ ಸೀಳಿಕೊಳ್ಳಲಾರೆ ಎಂಬುದು ಅದರ ತಿರುಳು. ಆಮೇಲೆ ರಿಂಗಿಗೆ ಬಂದು ಬೇಕೆಂದೇ ಸಪ್ಪೆ ಪಟ್ಟು ಹಾಕಿ, ಎದುರಾಳಿಯ ತಲೆ ಹಿಡಿದುಕೊಂಡು ಕೂತುಬಿಡುತ್ತಿದ್ದ. ಜನ ಉರಿದುಬಿದ್ದರು. ಅಂದರೆ ಅದೂ ಆಟವಾಯಿತು! ಮೂರು ವರ್ಷದ ಬಳಿಕ, 1998ರ ಜೂನಿನಲ್ಲಿ, ಪಿಟ್ಸ್‌ಬರ್ಗಿನಲ್ಲಿ ಹದಿನಾರು ಅಡಿ ಎತ್ತರದ ಪಂಜರದ ಮೇಲಿಂದ ಅಂಡರ್‌ಟೇಕರ್ ಕೆಳಗೆಸೆದದ್ದು ಇದೇ ಫೋಲಿಯನ್ನು. ಆ ದೃಶ್ಯವನ್ನು ನಮ್ಮ ಹುಡುಗರು ಇಂದಿಗೂ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಇಂಥ ಪ್ರೇಕ್ಷಕರ ಬಗ್ಗೆ ಬರೆಯುವವರು ಅವರನ್ನು ಜನಶಕ್ತಿ ಎಂದು ಹೊಗಳುವುದುಂಟು. ನನಗೆ ಆ ಹೊಗಳಿಕೆಯನ್ನು ಪೂರ್ತಿ ಒಪ್ಪಲಾಗುವುದಿಲ್ಲ. ಅವರು ಕೇಳಿದ್ದೆಲ್ಲ ಕೊಡಬೇಕಾದವನು ಒಬ್ಬನ ಮಗ, ಒಬ್ಬಳ ಗಂಡ.

ಹಾಗೆಂದು ಜೋರಾಗಿ ಕೂಗಿದವರೇ ಯಾವಾಗಲೂ ಗೆಲ್ಲುತ್ತಾರೆಂದು ತಿಳಿಯಬೇಡಿ. ಜಾನ್ ಸೀನಾನನ್ನು ನೋಡಿ. 2006ರ ಜೂನ್ 11ರಂದು ನ್ಯೂಯಾರ್ಕಿನ ಹ್ಯಾಮರ್‌ಸ್ಟೈನ್ ಸಭಾಂಗಣದಲ್ಲಿ ಇ.ಸಿ.ಡಬ್ಲ್ಯು.ವಿನ ಹಳೆಯ ಭಕ್ತರು ನೆರೆದಿದ್ದರು. "ಸೀನಾ ಗೆದ್ದರೆ ದೊಂಬಿ ಎಬ್ಬಿಸುತ್ತೇವೆ" ಎಂಬ ಫಲಕವೂ ಅಲ್ಲಿತ್ತು. ಆತ ಅಂಗಿ ಕಳಚಿ ಜನರತ್ತ ಎಸೆದ, ಜನ ಅದನ್ನು ತಿರುಗಿ ರಿಂಗಿಗೆ ಎಸೆದರು. ಮತ್ತೆ ಎಸೆದ, ಮತ್ತೆ ಬಂತು. ಆ ರಾತ್ರಿ ಸೀನಾ ಸೋತ. ಆದರೆ ಅವನ ಪಾತ್ರ ಬದಲಾಗಲಿಲ್ಲ. ಏಕೆಂದರೆ ಬೇರೆ ಊರುಗಳಲ್ಲಿ ಮಕ್ಕಳು ಅವನ ಬಣ್ಣದ ಅಂಗಿ, ಟೋಪಿ ಕೊಡಿಸಿರೆಂದು ತಾಯಂದಿರ ಸೆರಗು ಹಿಡಿಯುತ್ತಿದ್ದರು. ಕಾಯಿಲೆಯ ಮಕ್ಕಳ ಆಸೆ ಪೂರೈಸುವ ಒಂದು ಸಂಸ್ಥೆಯ ಮೂಲಕ ಆತ ಭೇಟಿಯಾದ ಮಕ್ಕಳೇ 650ಕ್ಕೂ ಹೆಚ್ಚು. ಹೀಗಾಗಿ ಹತ್ತು ವರ್ಷಕ್ಕೂ ಮಿಕ್ಕಿ ಪ್ರತಿ ಸಭೆಯಲ್ಲೂ ಎರಡು ಕೂಗು ಒಂದರ ಹಿಂದೊಂದು ಏಳುತ್ತಿದ್ದವು. "ನಡಿ ಸೀನಾ" ಎಂದು ಮಕ್ಕಳ, ಹೆಂಗಸರ ಎಳೆಯ ದನಿ. "ಸೀನಾ ಕೆಲಸಕ್ಕೆ ಬಾರದವ" ಎಂದು ಗಂಡಸರ ದಪ್ಪ ದನಿ. ಭಜನೆಯ ಎರಡು ಸಾಲಿನಂತೆ. ಗಲ್ಲಾಪೆಟ್ಟಿಗೆಗೆ ಎರಡೂ ಒಂದೇ.

ದೂರದ ಪ್ರೇಕ್ಷಕರಾದ ನಮ್ಮ ಪಾಲಿಗೂ ಒಂದು ಪ್ರಕರಣ ಬಂದಿತ್ತು. 2017ರ ಮೇ ತಿಂಗಳಲ್ಲಿ ಕಂಪನಿ ಇದ್ದಕ್ಕಿದ್ದಂತೆ ಜಿಂದರ್ ಮಹಲ್ ಎಂಬ ಪಂಜಾಬಿ ಮೂಲದ ಕೆನಡಾದ ಪೈಲ್ವಾನನಿಗೆ ಪಟ್ಟ ಕಟ್ಟಿತು. ಭಾರತದ ಮಾರುಕಟ್ಟೆಯ ಮೇಲಿನ ಕಣ್ಣು ಯಾರಿಗೂ ಮುಚ್ಚಿರಲಿಲ್ಲ. ಅಲ್ಲಿನ ಸಭೆಗಳಲ್ಲಿ ಉತ್ಸಾಹ ಹುಟ್ಟಲಿಲ್ಲ. ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಆಟ ನಡೆಯುವ ಒಂದು ತಿಂಗಳ ಮೊದಲೇ ಅವನ ಪಟ್ಟ ಹೋಯಿತು. ನಮ್ಮಲ್ಲಿ ಟಿ.ವಿ.ಯ ಮುಂದೆ ಕೂತು ಎಷ್ಟು ಕೂಗಿದರೂ ಪರದೆಯ ಹಿಂದಿನ ಆ ಮೇಜಿಗೆ ಅದು ಮುಟ್ಟುವುದಿಲ್ಲ.

ಈಗ ಡೇನಿಯಲ್ ಬ್ರಯಾನ್‌ನ ಕಥೆಗೆ ಬರೋಣ. ಆತ ಎತ್ತರದವನಲ್ಲ, ದೈತ್ಯನಲ್ಲ, ಗಡ್ಡ ಬಿಟ್ಟ ಸಾಧಾರಣ ಮನುಷ್ಯ. ಹತ್ತು ವರ್ಷ ಸಣ್ಣಪುಟ್ಟ ಹಾಲ್‌ಗಳಲ್ಲಿ ಮೈ ಸವೆಸಿ ಕಸುಬು ಕಲಿತವನು. 2012ರ ಏಪ್ರಿಲ್ 1ರಂದು ಮಯಾಮಿಯಲ್ಲಿ, ವರ್ಷದ ದೊಡ್ಡ ಹಬ್ಬವಾದ ರೆಸಲ್‌ಮೇನಿಯಾದಲ್ಲಿ, ಅವನನ್ನು 18 ಸೆಕೆಂಡಿನಲ್ಲಿ ಸೋಲಿಸಿಬಿಟ್ಟರು. ನಗೆಪಾಟಲು ಮಾಡುವುದೇ ಬರೆದವರ ಉದ್ದೇಶ. ಮರುದಿನ ಅದೇ ಊರಿನ ಸಭೆ ಇಡೀ ಸಂಜೆ ಅವನ "ಯೆಸ್, ಯೆಸ್" ಎಂಬ ಮಾತನ್ನೇ ಬೆರಳೆತ್ತಿ ಕೂಗಿತು. ರಿಂಗಿನಲ್ಲಿ ಯಾರಿದ್ದರೂ ಅದೇ ಕೂಗು.

2013ರ ಆಗಸ್ಟಿನಲ್ಲಿ ಆತ ಸೀನಾನನ್ನು ಸೋಲಿಸಿ ಪಟ್ಟ ಗೆದ್ದ, ಕೆಲವೇ ನಿಮಿಷಗಳಲ್ಲಿ ಮೋಸದಿಂದ ಅದನ್ನು ಕಿತ್ತುಕೊಂಡರು. ಇವನು ಮುಂದಾಳಾಗುವ ಸರಕಲ್ಲ ಎಂದು ಕಥೆಯೊಳಗಿನ ಯಜಮಾನರು ಹೀಯಾಳಿಸಿದರು. ಕಥೆಯ ಹೊರಗಿನ ಯಜಮಾನರ ಅಭಿಪ್ರಾಯವೂ ಅದೇ ಎಂಬುದು ಜನರ ಗುಮಾನಿ. ಡಿಸೆಂಬರ್ 9ರಂದು ಬ್ರಯಾನ್‌ನ ಹುಟ್ಟುಸೀಮೆಯ ಸಿಯಾಟಲ್ ನಗರದಲ್ಲಿ ಹಳೆಯ ಪಟ್ಟಧಾರಿಗಳನ್ನೆಲ್ಲ ರಿಂಗಿನಲ್ಲಿ ನಿಲ್ಲಿಸಿ ಸೀನಾ ಮತ್ತು ರ‍್ಯಾಂಡಿ ಆರ್ಟನ್‌ರ ಪಂದ್ಯಕ್ಕೆ ಪ್ರಚಾರ ನಡೆಯುತ್ತಿತ್ತು. ಜನ ಮಾತಾಡಲು ಬಿಡಲಿಲ್ಲ. ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಬ್ರಯಾನ್‌ನ ಹೆಸರೇ ಸಭೆಯನ್ನು ತುಂಬಿತು.

ಆದರೂ ಬರೆದವರು ಪಟ್ಟು ಬಿಡಲಿಲ್ಲ. 2014ರ ಜನವರಿ 26, ಪಿಟ್ಸ್‌ಬರ್ಗ್. ಮೂವತ್ತು ಮಂದಿ ಒಬ್ಬೊಬ್ಬರಾಗಿ ಬಂದು ಕೊನೆಗೆ ಉಳಿದವನು ರೆಸಲ್‌ಮೇನಿಯಾದ ಪಟ್ಟದ ಪಂದ್ಯಕ್ಕೆ ಅರ್ಹನಾಗುವ ಆಟ ಅಂದು. ಮೂವತ್ತನೆಯವನು ಬ್ರಯಾನ್ ಎಂದು ಜನ ಕಾದರು. ಬಂದವನು ರೇ ಮಿಸ್ಟೀರಿಯೋ. ಮಕ್ಕಳ ಕಣ್ಮಣಿಯಾಗಿದ್ದ ಆ ಪಾಪದ ಮನುಷ್ಯನಿಗೂ ಛೀಮಾರಿ ಬಿತ್ತು. ಗೆದ್ದವನು ಬಟಿಸ್ಟಾ. ನಾಲ್ಕು ವರ್ಷ ಆಟ ಬಿಟ್ಟು ಹೋಗಿ, ಸಿನಿಮಾದಲ್ಲಿ ಕಾಲೂರುತ್ತ, ಆಗತಾನೇ ಮರಳಿದ್ದ ಆತ ಆ ರಾತ್ರಿಯ ನಾಯಕನಾಗಬೇಕಿತ್ತು. ಸಭೆ ಅವನನ್ನು ಕೂಗಿ ಕೂರಿಸಿತು. ಅದೇ ವಾರ ಇನ್ನೊಬ್ಬ ಜನಪ್ರಿಯ ಪೈಲ್ವಾನ ಸಿ.ಎಂ. ಪಂಕ್ ಕಂಪನಿಯನ್ನೇ ಬಿಟ್ಟು ನಡೆದ. ಕಥೆಯಲ್ಲಿ ಒಂದು ದೊಡ್ಡ ಜಾಗ ಖಾಲಿಯಾಯಿತು. ಜನರ ಕೂಗಿನ ಜೊತೆ ಇಂಥ ಆಕಸ್ಮಿಕವೂ ಸೇರಿದಾಗಲೇ ಕಥೆ ತಿರುಗಿದ್ದು ಎಂಬುದನ್ನು ಮರೆಯಬಾರದು.

ಮಾರ್ಚಿನಲ್ಲಿ ಮೆಂಫಿಸ್ ನಗರದಲ್ಲಿ 'ಯೆಸ್' ಅಂಗಿ ತೊಟ್ಟ ಗುಂಪು ರಿಂಗನ್ನೇ ಆಕ್ರಮಿಸಿ, ಬ್ರಯಾನ್‌ಗೆ ಅವಕಾಶ ಕೊಡದೆ ಇಳಿಯುವುದಿಲ್ಲ ಎಂದಿತು. ಇದು ಕಂಪನಿಯೇ ಏರ್ಪಡಿಸಿದ ಸತ್ಯಾಗ್ರಹ! ತನ್ನ ವಿರುದ್ಧದ ನಿಜವಾದ ಸಿಟ್ಟನ್ನು ಕಥೆಯ ಸಿಟ್ಟಾಗಿ ಮಾರುವ ಜಾಣತನವನ್ನು ಅದು ಆಗ ಕಲಿಯಿತು. ಏಪ್ರಿಲ್ 6ರಂದು ನ್ಯೂ ಆರ್ಲಿಯನ್ಸ್‌ನಲ್ಲಿ, ಕಂಪನಿಯ ಲೆಕ್ಕದ ಪ್ರಕಾರ 75,000ಕ್ಕೂ ಹೆಚ್ಚು ಜನರ ಮುಂದೆ, ಬ್ರಯಾನ್ ಒಂದೇ ರಾತ್ರಿ ಮೊದಲು ಟ್ರಿಪಲ್ ಎಚ್‌ನನ್ನೂ ಆಮೇಲೆ ಆರ್ಟನ್ ಮತ್ತು ಬಟಿಸ್ಟಾರನ್ನೂ ಎದುರಿಸಿ ಗೆದ್ದ. ಇಡೀ ಮೈದಾನದ ಬೆರಳುಗಳು ಮೇಲೆ.

ಮೇ ತಿಂಗಳಲ್ಲಿ ಅವನ ಕುತ್ತಿಗೆಗೆ ಶಸ್ತ್ರಚಿಕಿತ್ಸೆ. ಜೂನಿನಲ್ಲಿ ಪಟ್ಟ ವಾಪಸು. 2016ರ ಫೆಬ್ರವರಿಯಲ್ಲಿ, ಮತ್ತೆ ಮತ್ತೆ ತಲೆಗೆ ಬಿದ್ದ ಪೆಟ್ಟಿನ ಕಾರಣ, ಅದೇ ಸಿಯಾಟಲ್‌ನಲ್ಲಿ ಕಣ್ಣೀರಿಟ್ಟು ನಿವೃತ್ತಿ ಸಾರಿದ. ವೈದ್ಯರು ಒಪ್ಪಿದ ಮೇಲೆ 2018ರಲ್ಲಿ ಮರಳಿದ, ಅದೇ ವರ್ಷ ಖಳನೂ ಆದ. 2019ರಲ್ಲಿ ಗಾಯಗೊಂಡ ಒಬ್ಬನ ಬದಲಿಗೆ ಬಂದ ಘಾನಾ ಮೂಲದ ಕೋಫಿ ಕಿಂಗ್‌ಸ್ಟನ್‌ನನ್ನು ಜನ ಹೆಗಲಿಗೇರಿಸಿಕೊಂಡಾಗ, ಅವನ ದಾರಿಗೆ ಅಡ್ಡ ನಿಂತು ಏಪ್ರಿಲ್ 7ರಂದು ಪಟ್ಟ ಸೋತವನು ಇದೇ ಬ್ರಯಾನ್.

ಬ್ರಯಾನ್‌ನ ಪಾಲಿನ ಕೂಗು ಇನ್ನೊಬ್ಬನಿಗೆ ಶಾಪವಾಯಿತು. ರೋಮನ್ ರೇನ್ಸ್ ರೂಪವಂತ, ರಾಕ್‌ನ ಬಳಗದವನು, ಕಂಪನಿಯ ಆಯ್ಕೆ. 2015ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಬ್ರಯಾನ್‌ನನ್ನು ಬೇಗ ಹೊರಗಟ್ಟಿ ರೇನ್ಸ್‌ನನ್ನು ಗೆಲ್ಲಿಸಿದರು. ಜನರನ್ನು ಸಮಾಧಾನಪಡಿಸಲು ಸ್ವತಃ ರಾಕ್ ಬಂದು ಅವನ ಕೈ ಎತ್ತಿದ. ಛೀಮಾರಿ ನಿಲ್ಲಲಿಲ್ಲ. 2017ರಲ್ಲಿ ಅಂಡರ್‌ಟೇಕರ್‌ನನ್ನು ಸೋಲಿಸಿದ ಮರುದಿನವಂತೂ ರೇನ್ಸ್ ಮೈಕು ಹಿಡಿದು ನಿಮಿಷಗಟ್ಟಲೆ ಸುಮ್ಮನೆ ನಿಂತ, ಜನ ನಿಮಿಷಗಟ್ಟಲೆ ಬೈದರು. ಕೊನೆಗೆ "ಇದು ಈಗ ನನ್ನ ಅಂಗಳ" ಎಂದಷ್ಟೇ ಹೇಳಿ ಹೊರಟುಹೋದ. ಕಂಪನಿ ಮಣಿಯಲಿಲ್ಲ, ಜನವೂ ಮಣಿಯಲಿಲ್ಲ. 2018ರ ಅಕ್ಟೋಬರಿನಲ್ಲಿ ತನಗೆ ರಕ್ತದ ಕ್ಯಾನ್ಸರು ಮರಳಿದೆ ಎಂದು ಆತ ಹೇಳಿದ ದಿನ ಅದೇ ಗಂಟಲುಗಳು ಕಟ್ಟಿದವು.

ಅವನು ನಿಜವಾದ ತಾರೆಯಾದದ್ದು ಮಾತ್ರ ಜನವೇ ಇಲ್ಲದ ಕಾಲದಲ್ಲಿ. 2020ರ ಮಾರ್ಚಿನಿಂದ ಕೊರೋನಾ ಕಾರಣ ಖಾಲಿ ಹಾಲ್‌ಗಳಲ್ಲಿ ಆಟ ನಡೆಯಿತು. ಆಮೇಲೆ ಸುತ್ತಲೂ ಟಿ.ವಿ. ಪರದೆಗಳನ್ನಿಟ್ಟು, ಮನೆಯಲ್ಲಿ ಕೂತವರ ಮುಖ ತೋರಿಸಿ, ಯಂತ್ರದಿಂದ ಕೂಗು ಹೊರಡಿಸಿದರು. ಆಗಸ್ಟಿನಲ್ಲಿ ರೇನ್ಸ್ ಖಳನಾಗಿ ಬಂದ. ಜೊತೆಗೆ ವಕೀಲನಂತೆ ನಿಂತವನು ಪಾಲ್ ಹೇಮನ್, ಆ ಬಿಂಗೊ ಹಾಲಿನ ಸೂತ್ರಧಾರ. 2021ರ ಜುಲೈನಲ್ಲಿ ಜನ ಮರಳುವ ಹೊತ್ತಿಗೆ ಪಾತ್ರ ಗಟ್ಟಿಯಾಗಿತ್ತು. ಬೈಯಬೇಕಾದವನಾದ್ದರಿಂದ ಬೈಗುಳ ಈಗ ಸರಿಯಾದ ಜಾಗಕ್ಕೇ ಬಿತ್ತು. ಪಟ್ಟ ಅವನ ಬಳಿ 1,316 ದಿನ ಉಳಿಯಿತು.

ಅದನ್ನು ಇಳಿಸಲು ಹೊರಟವನು ಕೋಡಿ ರೋಡ್ಸ್. ಕೊಳಾಯಿ ಕೆಲಸದವನ ಮಗ ಎಂದೇ ಜನ ಪ್ರೀತಿಸಿದ ಡಸ್ಟಿ ರೋಡ್ಸ್‌ನ ಮಗ ಈತ. 2023ರಲ್ಲಿ ಸೋತಿದ್ದ. 2024ರ ಜನವರಿಯಲ್ಲಿ ಮತ್ತೆ ಅರ್ಹತೆ ಗಳಿಸಿದ. ಆದರೆ ಫೆಬ್ರವರಿ 2ರಂದು ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕೋಡಿ ತಾನೇ ಸರಿದು, ಆ ಸ್ಥಾನಕ್ಕೆ ರಾಕ್ ಬಂದು ನಿಂತ. ಸಿನಿಮಾದ ಅಷ್ಟು ದೊಡ್ಡ ನಟ ಬಂದರೆ ಜನ ಕುಣಿಯುತ್ತಾರೆ ಎಂದು ಲೆಕ್ಕ. ಕುಣಿಯಲಿಲ್ಲ. "ನಮಗೆ ಕೋಡಿ ಬೇಕು" ಎಂಬ ಕೂಗು ಊರಿಂದ ಊರಿಗೆ ಹಬ್ಬಿತು. ಆರೇ ದಿನಗಳಲ್ಲಿ, ಫೆಬ್ರವರಿ 8ರಂದು ಲಾಸ್ ವೇಗಸ್‌ನಲ್ಲಿ, ಕಥೆ ಹೊರಳಿತು. ಕೋಡಿ ತನ್ನ ಸ್ಥಾನ ಮರಳಿ ಕೇಳಿದ, ರಾಕ್ ಅವನ ಕೆನ್ನೆಗೆ ಬಾರಿಸಿದ. ಆಮೇಲಿನ ವಾರಗಳಲ್ಲಿ ಕೋಡಿಗಾಗಿ ಅತ್ತವರನ್ನು ಅಳುಬುರುಕರೆಂದು ಹಂಗಿಸುತ್ತ ತಿರುಗಿದ. ಇಪ್ಪತ್ತೇಳು ವರ್ಷದ ಹಿಂದೆ "ಸಾಯಿ ರಾಕಿ" ಎಂದ ಸಭೆಗಳಿಂದ ಕಲಿತ ವಿದ್ಯೆ ಅದು, ಕೈಬಿಟ್ಟಿರಲಿಲ್ಲ.

ಏಪ್ರಿಲ್ 7ರ ರಾತ್ರಿ ಕೋಡಿ ಗೆದ್ದ. ಊರು ಫಿಲಡೆಲ್ಫಿಯಾ. ಮೈದಾನ ಇದ್ದದ್ದು ನಗರದ ದಕ್ಷಿಣ ಭಾಗದಲ್ಲಿ, ಹಳೆಯ ಬಿಂಗೊ ಹಾಲಿನ ಕಡೆಯಲ್ಲೇ. ಸೋತ ರೇನ್ಸ್‌ನ ಬದಿಯಲ್ಲಿ ನಿಂತಿದ್ದವನು ಪಾಲ್ ಹೇಮನ್.